ಪರಿಸರಸ್ನೇಹಿ ಕ್ರೀಡಾಕೇಂದ್ರ: ಭೀಮಾ ಸೀಮೆಯ ಪಟ್ಟಣಗಳಿಗೆ ಯಾವುದು ಹೊಂದೀತು?

ಕ್ರೀಡಾಂಗಣ ಎಂದೊಡನೆ ಹಸಿರು ಹುಲ್ಲುಹಾಸು, ಸುತ್ತಲೂ ಕಾಂಕ್ರೀಟ್ ಗ್ಯಾಲರಿ, ಎತ್ತರದ ದೀಪಸ್ತಂಭಗಳ ಚಿತ್ರ ಕಣ್ಣೆದುರು ಬರುತ್ತದೆ. ಇದು ಮಹಾನಗರಗಳು ಕೊಟ್ಟ ಕಲ್ಪನೆ. ಅದನ್ನೇ ಚಿಕ್ಕದು ಮಾಡಿ ತಾಲ್ಲೂಕು ಕೇಂದ್ರಗಳಲ್ಲಿ ಕಟ್ಟಿದರೆ ನೀರು, ವಿದ್ಯುತ್ ಮತ್ತು ನಿರ್ವಹಣೆಯ ಹೊರೆಯನ್ನು ಸ್ಥಳೀಯ ಸಂಸ್ಥೆಗಳು ಹೊರಬೇಕಾಗುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳಂಥ ಬಿಸಿಲು ಸೀಮೆಯಲ್ಲಿ ಈ ಹೊರೆ ಇನ್ನೂ ಹೆಚ್ಚು. ಇಲ್ಲಿನ ಮಣ್ಣು, ಮಳೆ ಮತ್ತು ಬಿಸಿಲಿಗೆ ಹೊಂದುವ ಸಮುದಾಯ ಕ್ರೀಡಾ ಹಾಗೂ ಮನರಂಜನಾ ಕೇಂದ್ರ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ತೀರಾ ದೂರ ಹೋಗಬೇಕಿಲ್ಲ.

ನೆಲದ ಸ್ವಭಾವ

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಗೆ ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಬಳಿ ಬ್ಯಾರೇಜ್ ನಿರ್ಮಿಸಲಾಗಿದೆ. ಬೇಸಿಗೆಯಲ್ಲಿ ಈ ನೀರು ಕುಡಿಯಲು ಮತ್ತು ಬೆಳೆಗೆ ಮೊದಲು ಸಲ್ಲಬೇಕಾದದ್ದು. ಆಟದ ಹುಲ್ಲಿಗೆ ಅದರಲ್ಲಿ ಪಾಲು ಕೇಳುವುದು ಕಷ್ಟ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. ಶಾಲೆಗಳಿಗೆ ರಜೆ ಇದ್ದು ಮಕ್ಕಳು ಆಟಕ್ಕೆ ಬಿಡುವಾಗುವುದೂ ಅದೇ ತಿಂಗಳುಗಳಲ್ಲಿ.

ಮಳೆಗಾಲದ ಸಮಸ್ಯೆ ಬೇರೆ. 2020ರ ಅಕ್ಟೋಬರ್ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಪ್ರವಾಹವು ನದಿತೀರದ ಗ್ರಾಮಗಳನ್ನು ಜಲಾವೃತಗೊಳಿಸಿತ್ತು. ನದಿಗೆ ಹತ್ತಿರದ ತಗ್ಗು ಜಾಗದಲ್ಲಿ ಕಟ್ಟಡ ಕಟ್ಟಿ, ಮರದ ನೆಲಹಾಸು ಅಥವಾ ಕೃತಕ ಹಾಸು ಹಾಕಿದರೆ ಒಂದೇ ಪ್ರವಾಹಕ್ಕೆ ಅದು ಹಾಳಾಗಬಹುದು. ಮಣ್ಣಿನ ಅಂಕಣವಾದರೆ ಹೂಳು ತೆಗೆದು ಮತ್ತೆ ಬಳಸಬಹುದು. ಕಟ್ಟಡವನ್ನು ಎತ್ತರದ ಜಾಗದಲ್ಲಿ ಕಟ್ಟಿ, ತಗ್ಗನ್ನು ಬಯಲಾಗಿಯೇ ಉಳಿಸುವುದು ಈ ಸೀಮೆಯಲ್ಲಿ ಪಾಲಿಸಬೇಕಾದ ಮೊದಲ ನಿಯಮ.

ಎರೆಮಣ್ಣು ಇನ್ನೊಂದು ಸವಾಲು. ತೊಗರಿ, ಜೋಳಕ್ಕೆ ಹೇಳಿ ಮಾಡಿಸಿದ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಸಿಮೆಂಟ್ ಅಂಕಣ ಸೀಳುವುದು ಸಹಜ. ಆದ್ದರಿಂದ ಮೇಲ್ಪದರ ತೆಗೆದು, ಗರಸು ಮಣ್ಣು ತುಂಬಿ, ನೀರು ಹರಿದುಹೋಗಲು ಇಳಿಜಾರು ಕೊಟ್ಟು, ರೋಲರ್ ಹಾಯಿಸಿ ಗಟ್ಟಿಗೊಳಿಸಬೇಕು. ತೆಗೆದ ಎರೆಮಣ್ಣು ವ್ಯರ್ಥವಲ್ಲ. ಸುತ್ತ ನೆಡುವ ಗಿಡಗಳ ಗುಂಡಿಗೆ ಅದೇ ಗೊಬ್ಬರದೊಡನೆ ಸೇರುತ್ತದೆ.

ಗರಡಿಮನೆಯ ಪಾಠ

ಈ ಭಾಗಕ್ಕೆ ಸಮುದಾಯ ಕ್ರೀಡಾಕೇಂದ್ರ ಹೊಸದಲ್ಲ. ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಮಲ್ಲವಿನೋದವೂ ಸೇರಿದೆ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ; ಆಳಂದಕ್ಕೆ ನೆರೆಯ ಊರು.

ಅರಮನೆಯ ವಿನೋದ ಊರಿನಲ್ಲಿ ಉಳಿದದ್ದು ಗರಡಿಮನೆ ಅಥವಾ ತಾಲೀಮಿನ ರೂಪದಲ್ಲಿ. ದಪ್ಪ ಗೋಡೆ, ತಗ್ಗಿದ ಬಾಗಿಲು, ಒಳಗೆ ಕೆಂಪು ಮಣ್ಣಿನ ಕಣ. ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುವುದು ರೂಢಿ. ಗದೆ, ಗುಂಡುಕಲ್ಲು, ಮಲ್ಲಕಂಬ ಎಲ್ಲವೂ ಊರಿನ ಬಡಗಿ, ಕಲ್ಲುಕುಟಿಗರ ಕೈಯಲ್ಲೇ ತಯಾರಾಗುತ್ತಿದ್ದವು. ವಿದ್ಯುತ್ತಿಲ್ಲದೆ ಒಳಭಾಗ ತಂಪಾಗಿರುತ್ತಿತ್ತು. ಪೈಲ್ವಾನರೇ ಪ್ರತಿದಿನ ಮಣ್ಣು ಅಗೆದು ಹದಗೊಳಿಸುತ್ತಿದ್ದರಿಂದ ನಿರ್ವಹಣೆಗೆ ಪ್ರತ್ಯೇಕ ವೆಚ್ಚವೂ ಇರಲಿಲ್ಲ.

ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇದೇ ತಿಳಿವಳಿಕೆಯ ದೊಡ್ಡ ರೂಪ. ನಡುವೆ ಮಣ್ಣಿನ ಕಣ, ಸುತ್ತಲೂ ಇಳಿಜಾರು ಇದ್ದು, ಎಲ್ಲಿ ಕುಳಿತವರಿಗೂ ಕುಸ್ತಿ ಕಾಣುತ್ತದೆ. ಗ್ಯಾಲರಿಗೆ ಸಿಮೆಂಟೇ ಬೇಕೆಂದಿಲ್ಲ, ಮಣ್ಣಿನ ದಿಬ್ಬವೂ ಸಾಕು ಎಂಬುದಕ್ಕೆ ಇದು ನಿದರ್ಶನ.

ಗರಡಿಯ ಮಿತಿಯನ್ನೂ ಮರೆಯುವಂತಿಲ್ಲ. ಬಹುತೇಕ ಗರಡಿಗಳು ಪುರುಷರಿಗಷ್ಟೇ ಮೀಸಲಾಗಿದ್ದವು. ಹೆಣ್ಣುಮಕ್ಕಳ ಪಾಲಿಗೆ ಉಳಿದದ್ದು ನಾಗರಪಂಚಮಿಯ ಜೋಕಾಲಿ. ಇಂದಿನ ಕೇಂದ್ರವು ಗರಡಿಯ ನೆಲವನ್ನು ಅನುಸರಿಸಬಹುದೇ ಹೊರತು ಅದರ ಬಾಗಿಲನ್ನಲ್ಲ.

ನೀರಿನ ಲೆಕ್ಕ

ಯಾವ ಆಟ ಆರಿಸಿಕೊಳ್ಳುತ್ತೇವೆ ಎಂಬುದೇ ನೀರಿನ ವೆಚ್ಚವನ್ನು ನಿರ್ಧರಿಸುತ್ತದೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಮೈದಾನದ ವಿಸ್ತೀರ್ಣ 7,140 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿ.ಮೀ ನೀರುಣಿಸಿದರೂ 35,700 ಲೀಟರ್ ಬೇಕು. ಕಬಡ್ಡಿ ಅಂಕಣ 13x10 ಮೀಟರ್, ಕೊಕ್ಕೊ ಅಂಕಣ 27x16 ಮೀಟರ್, ವಾಲಿಬಾಲ್ ಅಂಕಣ 18x9 ಮೀಟರ್. ಸುತ್ತಲಿನ ತೆರವು ಜಾಗ ಬಿಟ್ಟರೆ ಮೂರೂ ಸೇರಿ 724 ಚದರ ಮೀಟರ್, ಅಂದರೆ ಫುಟ್‌ಬಾಲ್ ಮೈದಾನದ ಹತ್ತನೇ ಒಂದು ಭಾಗ. ಧೂಳೇಳದಂತೆ ಚದರ ಮೀಟರಿಗೆ 2 ಲೀಟರ್ ಚಿಮುಕಿಸಿದರೆ ದಿನಕ್ಕೆ ಸುಮಾರು 1,450 ಲೀಟರ್ ಸಾಕು.

ಈ ನೀರನ್ನು ಛಾವಣಿಯಿಂದಲೇ ಪಡೆಯಬಹುದು. ವರ್ಷಕ್ಕೆ 700 ಮಿ.ಮೀ ಮಳೆ ಎಂದು ಹಿಡಿದರೆ, 500 ಚದರ ಮೀಟರ್ ಛಾವಣಿಯ ಮೇಲೆ 3.5 ಲಕ್ಷ ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ಪೋಲಾದರೂ 2.8 ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಹುಲ್ಲಿನ ಮೈದಾನಕ್ಕೆ ಇದು ಎಂಟು ದಿನಕ್ಕೂ ಸಾಲದು; ಮೂರು ಮಣ್ಣಿನ ಅಂಕಣಗಳಿಗೆ ಆರು ತಿಂಗಳು ದಾಟುತ್ತದೆ. ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡುವುದು ದುಬಾರಿ. 50,000 ಲೀಟರ್ ತೊಟ್ಟಿ ಕಟ್ಟಿ, ಉಳಿದದ್ದನ್ನು ಕೊಳವೆಬಾವಿಯ ಮರುಪೂರಣಕ್ಕೆ ಬಿಡುವುದು ವ್ಯಾವಹಾರಿಕ ದಾರಿ.

ಮಹಾನಗರದ ಮಾದರಿ

ರಾಜ್ಯದಲ್ಲಿ ಪರಿಸರಸ್ನೇಹಿ ಕ್ರೀಡಾಂಗಣದ ಮಾತು ಬಂದಾಗ ಮೊದಲು ನೆನಪಾಗುವುದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ 2015ರಲ್ಲಿ 400 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ಅಳವಡಿಸಲಾಯಿತು. ಮಳೆನೀರನ್ನು ಬೇಗ ಹೀರಿ ಹೊರಹಾಕುವ ಸಬ್‌ಏರ್ ವ್ಯವಸ್ಥೆ 2017ರಲ್ಲಿ ಬಂತು. ಆದರೂ 2024ರ ಬೇಸಿಗೆಯ ನೀರಿನ ಅಭಾವದಲ್ಲಿ, ಐಪಿಎಲ್ ಪಂದ್ಯಗಳ ವೇಳೆ ಮೈದಾನಕ್ಕೆ ದಿನಕ್ಕೆ 75,000 ಲೀಟರ್ ಸಂಸ್ಕರಿತ ನೀರು ಒದಗಿಸಲು ಬೆಂಗಳೂರು ಜಲಮಂಡಳಿ ಸಮ್ಮತಿಸಬೇಕಾಯಿತು. ಕುಡಿಯುವ ನೀರನ್ನು ಮುಟ್ಟದೆ ಸಂಸ್ಕರಿತ ನೀರನ್ನು ಬಳಸುವ ಕ್ರಮ ಅನುಕರಣೀಯ. ಅಷ್ಟು ನೀರು ಬೇಡುವ ಹುಲ್ಲನ್ನು ಅನುಕರಿಸುವ ಅಗತ್ಯ ಸಣ್ಣ ಊರಿಗಿಲ್ಲ.

ನೀರು ಬೇಡದ ಕೃತಕ ಹುಲ್ಲು ಪರಿಹಾರವಾದೀತೇ ಎಂಬ ಪ್ರಶ್ನೆ ಸಹಜ. ಬಿಸಿಲಿನಲ್ಲಿ ಅದು ನೈಸರ್ಗಿಕ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅದರ ನಡುವೆ ತುಂಬುವ ರಬ್ಬರ್ ಹರಳುಗಳು ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಮಣ್ಣು, ಚರಂಡಿ ಸೇರುತ್ತವೆ. ಐರೋಪ್ಯ ಒಕ್ಕೂಟವು 2023ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಇಂಥ ಹರಳುಗಳ ಮಾರಾಟ ಎಂಟು ವರ್ಷಗಳ ಕಾಲಾವಕಾಶದ ಬಳಿಕ, 2031ರಲ್ಲಿ ನಿಲ್ಲಬೇಕಿದೆ.

ನೆರಳು, ಬೆಳಕು, ಬಾಗಿಲು

ಕಟ್ಟಡಕ್ಕೆ ಬೇಕಾದ ಸಾಮಗ್ರಿ ಜಿಲ್ಲೆಯಲ್ಲೇ ಇದೆ. ಶಹಾಬಾದ್ ಕಲ್ಲಿನ ಫರಸಿ ನೆಲಕ್ಕೂ ಕಟ್ಟೆಗೂ ಒದಗುತ್ತದೆ. ಪಶ್ಚಿಮದ ಬಿಸಿಲು ತಡೆಯಲು ಬೇವು, ಹುಣಸೆ ಮರಗಳ ಸಾಲು ಬೇಕು. ಮರ ಬೆಳೆಯುವವರೆಗೆ ಚಪ್ಪರ ಸಾಕು. ಹಿರಿಯರಿಗೆ ಕೂರುವ ಕಟ್ಟೆ, ಮಕ್ಕಳಿಗೆ ಜೋಕಾಲಿ, ಸಂಜೆಯ ಭಜನೆ, ಬಯಲಾಟಕ್ಕೆ ಒಂದು ಜಗಲಿ ಇದ್ದರೆ ಆಟವಾಡದವರೂ ಅಲ್ಲಿಗೆ ಬರುತ್ತಾರೆ. 200 ವ್ಯಾಟ್‌ನ ಎಂಟು ಎಲ್‌ಇಡಿ ದೀಪಗಳು ಮೂರು ತಾಸು ಉರಿಯಲು 4.8 ಯೂನಿಟ್ ವಿದ್ಯುತ್ ಬೇಕು. ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುವುದರಿಂದ ಎರಡು ಕಿಲೋವ್ಯಾಟ್ ಘಟಕ ಧಾರಾಳ.

ಬೆಳಕು, ಬೀಗವಿರುವ ಪ್ರತ್ಯೇಕ ಶೌಚಾಲಯ ಮತ್ತು ಹೆಣ್ಣುಮಕ್ಕಳಿಗೆ ಮೀಸಲಾದ ವೇಳೆ, ಈ ಮೂರನ್ನು ನಕ್ಷೆಯಲ್ಲೇ ಸೇರಿಸಬೇಕು. ಇವಿಲ್ಲದಿದ್ದರೆ ಸಾರ್ವಜನಿಕ ಕೇಂದ್ರವೂ ಊರಿನ ಅರ್ಧ ಜನರಿಗೆ ಮುಚ್ಚಿದ ಗರಡಿಯಾಗುತ್ತದೆ.

ಕಾನೂನು ಮತ್ತು ಹೊಣೆ

ಮೈದಾನಗಳನ್ನು ಅನ್ಯ ಉದ್ದೇಶಕ್ಕೆ ಬಳಸದಂತೆ ಕಾಪಾಡಲು ರಾಜ್ಯದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಪ್ರದೇಶಗಳ ಸಂರಕ್ಷಣಾ ಕಾಯ್ದೆ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಕಾಮಗಾರಿ ಪಟ್ಟಿಯಲ್ಲಿ ಆಟದ ಮೈದಾನವೂ ಸೇರಿತ್ತು. ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿ ಇಂದು ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

ಕಟ್ಟುವ ಹಣಕ್ಕಿಂತ ಕಠಿಣವಾದದ್ದು ಕಟ್ಟಿದ ಮೇಲಿನ ಹೊಣೆ. ಗರಡಿಯಲ್ಲಿ ಆಡುವವನೇ ಮಣ್ಣು ಹದ ಮಾಡುತ್ತಿದ್ದ. ಪುರಸಭೆ ಅಥವಾ ಪಂಚಾಯಿತಿ, ಶಾಲೆ, ಯುವಕ ಮತ್ತು ಮಹಿಳಾ ಸಂಘಗಳು ಸೇರಿದ ಸಮಿತಿಗೆ ಕೀಲಿಕೈಯನ್ನೂ ಸಣ್ಣ ನಿರ್ವಹಣಾ ನಿಧಿಯನ್ನೂ ಒಪ್ಪಿಸಿದರೆ ಆ ಪದ್ಧತಿ ಮರಳಬಹುದು. ಮೇ ತಿಂಗಳ ಸಂಜೆ ಅಂಕಣದಲ್ಲಿ ಹುಡುಗಿಯರ ಕೊಕ್ಕೊ ನಡೆಯುತ್ತಿದೆಯೇ, ಪ್ರವಾಹ ಇಳಿದ ತಿಂಗಳೊಳಗೆ ಆಟ ಮತ್ತೆ ಆರಂಭವಾಯಿತೇ ಎಂಬ ಎರಡು ಪ್ರಶ್ನೆಗಳು ಇಂಥ ಕೇಂದ್ರದ ಯಶಸ್ಸನ್ನು ಅಳೆಯಲು ಸಾಕು.