ಸ್ಯಾಕ್ಸನ್‌ಬರ್ಗಿನ ಹುಲ್ಲುಗಾವಲಲ್ಲಿ ಹೊಸೆದ ಹಗ್ಗ

ಜಾನ್ ರೋಬ್ಲಿಂಗ್ ಎಂದೊಡನೆ ನಮಗೆ ನೆನಪಾಗುವುದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ. ಆ ಸೇತುವೆಗೆ ದಾರಿ ತೋರಿದ್ದು ಮಾತ್ರ ಪೆನ್ಸಿಲ್ವೇನಿಯಾದ ಒಂದು ರೈತರ ಹಳ್ಳಿ.

1806ರಲ್ಲಿ ಜರ್ಮನಿಯ ಮ್ಯೂಲ್‌ಹೌಸನ್ ಪಟ್ಟಣದಲ್ಲಿ ಜನಿಸಿದ ರೋಬ್ಲಿಂಗ್, ಬರ್ಲಿನ್ನಿನಲ್ಲಿ ವಾಸ್ತುಶಿಲ್ಪವನ್ನೂ ಸೇತುವೆ ನಿರ್ಮಾಣವನ್ನೂ ಅಭ್ಯಾಸ ಮಾಡಿದನು. ಬಳಿಕ ಪ್ರಷ್ಯದ ಸರ್ಕಾರಿ ಸೇವೆಯಲ್ಲಿ ರಸ್ತೆಗಳನ್ನು ಕಟ್ಟಿಸಿದನು. ಪ್ರತಿಯೊಂದಕ್ಕೂ ಅಧಿಕಾರಿಗಳ ಒಪ್ಪಿಗೆಗಾಗಿ ಕಾಯಬೇಕಾದ ಆ ವ್ಯವಸ್ಥೆ ಅವನಿಗೆ ಬೇಸರ ತಂದಿತು. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಆ ಬೇಸರದ ಪರಿಚಯವಿಲ್ಲದಿಲ್ಲ!

1831ರಲ್ಲಿ ಸಹೋದರ ಕಾರ್ಲ್‌ನೊಡನೆ ಅಮೆರಿಕೆಗೆ ಬಂದ ಅವನು ಪಿಟ್ಸ್‌ಬರ್ಗಿನ ಉತ್ತರಕ್ಕೆ ಸುಮಾರು 1,600 ಎಕರೆ ಭೂಮಿ ಕೊಂಡು ಸ್ಯಾಕ್ಸನ್‌ಬರ್ಗ್ ಎಂಬ ಜರ್ಮನ್ ವಸಾಹತನ್ನು ನೆಲೆಗೊಳಿಸಿದನು. ಕಲಿತ ವಿದ್ಯೆಯನ್ನು ಬದಿಗಿಟ್ಟು ನೇಗಿಲು ಹಿಡಿದನು. ಬೇಸಾಯ ಅವನಿಗೆ ಒಗ್ಗಲಿಲ್ಲ. 1837ರಲ್ಲಿ ಕಾರ್ಲ್ ತೀರಿಕೊಂಡನು. ಅದೇ ವರ್ಷ ಮಗ ವಾಷಿಂಗ್ಟನ್ ಹುಟ್ಟಿದನು. ರೋಬ್ಲಿಂಗ್ ಮತ್ತೆ ಎಂಜಿನಿಯರನ ಕೆಲಸಕ್ಕೆ ಮರಳಿದನು.

ಆಗ ಕಾಲುವೆಯ ದೋಣಿಗಳನ್ನು ಅಲೆಘನಿ ಬೆಟ್ಟದ ಇಳಿಜಾರು ಹಳಿಗಳ ಮೇಲೆ ದಪ್ಪ ನಾರಿನ ಹಗ್ಗಗಳಿಂದ ಎಳೆದು ದಾಟಿಸುತ್ತಿದ್ದರು. ಹಗ್ಗ ಬೇಗ ಸವೆಯುತ್ತಿತ್ತು, ಹರಿದರೆ ಅನಾಹುತವೇ. ಅದರ ಬದಲು ಕಬ್ಬಿಣದ ತಂತಿಯ ಹಗ್ಗವನ್ನು ಬಳಸಬಹುದೆಂದು ರೋಬ್ಲಿಂಗ್ ಸೂಚಿಸಿದನು. 1841ರಲ್ಲಿ ತನ್ನ ಹಳ್ಳಿಯ ಹುಲ್ಲುಗಾವಲಿನಲ್ಲಿಯೇ ಅದನ್ನು ತಯಾರಿಸತೊಡಗಿದನು. ಉದ್ದಕ್ಕೆ ಎಳೆದ ತಂತಿಗಳನ್ನು ಕೈಯಿಂದ ಹೊಸೆದವರು ನೆರೆಹೊರೆಯ ರೈತರು.

ಮುಂದಿನದೆಲ್ಲ ತಂತಿಯ ಬಲದ ಮೇಲೆಯೇ ನಿಂತಿತು. 1845ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕಾಲುವೆಯ ನೀರನ್ನೇ ಹೊತ್ತ ತೂಗುಸೇತುವೆ ಸಿದ್ಧವಾಯಿತು. 1855ರಲ್ಲಿ ನಯಾಗರ ಕಣಿವೆಯ ಮೇಲೆ ರೈಲನ್ನು ಹೊತ್ತ ಸೇತುವೆ ಎದ್ದಿತು. ತೂಗುಸೇತುವೆ ರೈಲಿನ ಭಾರವನ್ನು ತಾಳಲಾರದೆಂದು ಶಂಕಿಸಿದವರಿಗೆ ಅದೇ ಉತ್ತರವಾಯಿತು.

1869ರಲ್ಲಿ ಬ್ರೂಕ್ಲಿನ್ ಸೇತುವೆಗಾಗಿ ಸ್ಥಳ ಅಳೆಯುತ್ತಿದ್ದಾಗ ದೋಣಿಯೊಂದು ಅವನ ಪಾದವನ್ನು ಜಜ್ಜಿತು. ಧನುರ್ವಾಯು ತಗುಲಿ ಜುಲೈ 22ರಂದು ಕೊನೆಯುಸಿರೆಳೆದನು. ಹೊಣೆ ಹೊತ್ತ ಮಗ ವಾಷಿಂಗ್ಟನ್, ನದಿಯ ತಳದಲ್ಲಿ ಒತ್ತಡದ ಗಾಳಿಯ ಕೋಣೆಗಳಿಗಿಳಿದು ಕಾಯಿಲೆಬಿದ್ದನು. ಸೊಸೆ ಎಮಿಲಿ ಗಣಿತವನ್ನೂ ಕಟ್ಟಡವಿದ್ಯೆಯನ್ನೂ ಕಲಿತು, ಗಂಡನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತ ಕೆಲಸವನ್ನು ಮುಂದುವರಿಸಿದಳು. 1,595 ಅಡಿಯ ಮುಖ್ಯ ಅಂತರವುಳ್ಳ ಆ ಸೇತುವೆ 1883ರ ಮೇ 24ರಂದು ಜನರಿಗೆ ತೆರೆಯಿತು.

ರೋಬ್ಲಿಂಗ್ ಬದುಕನ್ನು ಹೊಸದಾಗಿ ಆರಂಭಿಸಲು ಬಂದಿದ್ದನು. ಊರು ಬಿಟ್ಟು ಬಂದಾಗ ಕೈಬಿಟ್ಟ ವಿದ್ಯೆಯೇ ಕೊನೆಗೆ ಅವನನ್ನು ಕಾಯಿತು. ಊರು ಬಿಟ್ಟು ಬಂದ ನಾವು ಅವನನ್ನು ನೆನೆಯುವುದು ಬಹುಶಃ ಅದಕ್ಕಾಗಿಯೇ. ಆ ವಿದ್ಯೆಗೆ ಮೊದಲು ಕೈಗೂಡಿಸಿದ ಸ್ಯಾಕ್ಸನ್‌ಬರ್ಗಿನ ರೈತರನ್ನೂ ಅವನೊಡನೆ ನೆನೆಯೋಣ.