ಮಲಗುವ ಕ್ರೇನಿನ ಪೂರ್ವಕಥೆ

ಭಾರವನ್ನು ಮೇಲಕ್ಕೆತ್ತುವ ಯಂತ್ರಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಯಾವ ಯಂತ್ರವು ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಒಯ್ದಿತೆಂಬ ಲೆಕ್ಕವನ್ನೇ ಮುಂದಿಟ್ಟುಕೊಂಡು, ಗ್ರೀಕರ ದೇವಾಲಯದಿಂದ ಈಗಿನ ಗಗನಚುಂಬಿ ಕಟ್ಟಡದವರೆಗೆ ಒಂದೇ ಉಸಿರಿನಲ್ಲಿ ಏರಿಬಿಡುತ್ತಾರೆ. ಅದು ಯಂತ್ರವನ್ನು ದೂರದಿಂದ ನೋಡಿ ಬೆರಗಾದವರ ಲೆಕ್ಕ. ಯಂತ್ರವನ್ನು ಇಟ್ಟುಕೊಂಡು ಬಾಳಿದವರನ್ನು, ಎಂದರೆ ಹಡಗಿನ ಕಪ್ತಾನನನ್ನೋ, ಕಟ್ಟಡದ ಮೇಸ್ತ್ರಿಯನ್ನೋ, ಮರ ಸಾಗಿಸುವ ಲಾರಿಯ ಚಾಲಕನನ್ನೋ ಕೇಳಿದರೆ ಅವರು ಹೇಳಿಕೊಳ್ಳುವ ಕಷ್ಟವೇ ಬೇರೆ. ಎತ್ತುವ ಕೆಲಸ ನಡೆಯುವುದು ಸ್ವಲ್ಪ ಹೊತ್ತು. ಮಿಕ್ಕ ಹೊತ್ತೆಲ್ಲ ಆ ನೀಳವಾದ ತೋಳನ್ನು ಎಲ್ಲಿ ಇಡುವುದು, ಗಾಳಿಗೆ ಸಿಕ್ಕದಂತೆ, ದಾರಿಗೆ ಅಡ್ಡವಾಗದಂತೆ ಹೇಗೆ ಮಲಗಿಸುವುದು, ಮತ್ತು ಮಲಗಿದ್ದನ್ನು ಬೇಕಾದಾಗ ಯಾರು ಎಬ್ಬಿಸುವುದು? ತೋಳು ಉದ್ದವಾದಷ್ಟೂ ಅದರ ಉಪಯೋಗ ಹೆಚ್ಚು. ಉದ್ದವಾದಷ್ಟೂ ಅದರ ಉಪದ್ರವವೂ ಹೆಚ್ಚು. ಕ್ರೇನಿನ ಚರಿತ್ರೆಯಲ್ಲಿ ಬುದ್ಧಿಗೆ ನಿಜವಾದ ಕೆಲಸ ಕೊಟ್ಟ ಪ್ರಶ್ನೆ ಇದು ಎಂದೇ ನನ್ನ ಎಣಿಕೆ.

ಈ ಪ್ರಶ್ನೆಗೆ ದೊರೆತ ಅತ್ಯಂತ ಪ್ರಾಚೀನ ಉತ್ತರಗಳಲ್ಲಿ ಒಂದು ರಣರಂಗದಿಂದ ಬಂದಿದೆ. ಕ್ರಿಸ್ತಪೂರ್ವ 213ರ ಸುಮಾರಿಗೆ ರೋಮನರ ಸೇನಾಪತಿಯಾದ ಮಾರ್ಸೆಲ್ಲಸನು ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರವನ್ನು ಸಮುದ್ರದ ಕಡೆಯಿಂದ ಮುತ್ತಿದಾಗ, ಕೋಟೆಯ ಒಳಗೆ ವೃದ್ಧನಾದ ಆರ್ಕಿಮಿಡೀಸನಿದ್ದನು. ಆ ಮುತ್ತಿಗೆಯನ್ನು ವರ್ಣಿಸಿದ ಇತಿಹಾಸಕಾರ ಪಾಲಿಬಿಯಸನು ಎರಡೂ ಪಕ್ಷದ ಯಂತ್ರಗಳನ್ನು ಆಸ್ಥೆಯಿಂದ ವಿವರಿಸುತ್ತಾನೆ. ಕೋಟೆಯವರ ಯಂತ್ರಗಳು ಉಳಿದ ವೇಳೆಯಲ್ಲಿ ಗೋಡೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ಅಡಗಿರುತ್ತಿದ್ದುವು; ಶತ್ರುನೌಕೆ ಸಮೀಪಿಸಿದೊಡನೆಯೇ ತಲೆಯೆತ್ತಿ, ತಮ್ಮ ತೊಲೆಗಳನ್ನು ಕೋಟೆಯ ತೆನೆಗಳಿಂದಾಚೆಗೆ ಬಹುದೂರ ಚಾಚಿ, ಬೇಕಾದ ದಿಕ್ಕಿಗೆ ತಿರುಗಿ, ಹತ್ತು ಟ್ಯಾಲೆಂಟು ತೂಕದ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 260 ಕಿಲೋಗ್ರಾಮಿನ ಬಂಡೆಗಳನ್ನೂ ಸೀಸದ ಗುಂಡುಗಳನ್ನೂ ಕೆಳಗಿದ್ದ ಹಡಗಿನ ಮೇಲೆ ಕೆಡಹುತ್ತಿದ್ದುವು. ಹಡಗುಗಳ ಮೂತಿಯನ್ನು ಹಿಡಿದೆತ್ತಿ ನೀರಿಗೆ ಅಪ್ಪಳಿಸಿದ ಕಬ್ಬಿಣದ ಕೈಯ ಕಥೆಯನ್ನು ಎಲ್ಲರೂ ಬಲ್ಲರು; ಆದರೆ ಆ ಕೈ ಕೆಲಸವಿಲ್ಲದಾಗ ಮರೆಯಲ್ಲಿರುತ್ತಿತ್ತು ಎಂಬ ಮಾತಿಗೆ ಗಮನ ಕೊಟ್ಟವರು ಕಡಮೆ. ಶತ್ರುವಿಗೆ ಮೊದಲೇ ಕಾಣುವ ಯಂತ್ರವನ್ನು ಅವನು ದೂರದಿಂದಲೇ ಮುರಿಯಬಲ್ಲನಾದುದರಿಂದ, ಅಡಗುವುದು ಅದರ ಅರ್ಧ ಬಲವಾಗಿತ್ತು.

ರೋಮನರ ಯಂತ್ರವೂ ಮಲಗಿಕೊಂಡೇ ಬಂದದ್ದು. ತಲಾ ಐದು ಸಾಲಿನ ಎರಡು ಹಡಗುಗಳನ್ನು, ಒಳಪಕ್ಕದ ಹುಟ್ಟುಗಳನ್ನು ತೆಗೆದುಹಾಕಿ ಜೋಡಿಸಿ ಕಟ್ಟಿ, ಅವುಗಳ ಮೇಲೆ ನಾಲ್ಕು ಅಡಿ ಅಗಲದ ನೀಳವಾದ ಏಣಿಯೊಂದನ್ನು ಉದ್ದಕ್ಕೆ ಮಲಗಿಸಿರುತ್ತಿದ್ದರು. ಸಾಂಬುಕಾ ಎಂದು ಅದರ ಹೆಸರು. ಏಣಿಯ ತಲೆಗೆ ಕಟ್ಟಿದ ಹಗ್ಗಗಳು ಕೂವೆಕಂಬಗಳ ತುದಿಯ ರಾಟೆಗಳ ಮೂಲಕ ಹಾಯ್ದು ಹಿಂಭಾಗದಲ್ಲಿ ನಿಂತವರ ಕೈಗೆ ಬರುತ್ತಿದ್ದುವು; ಗೋಡೆ ಸಮೀಪಿಸಿದಾಗ ಅವರು ಹಗ್ಗವನ್ನೆಳೆದರೆ ಏಣಿ ಮೇಲೇಳಬೇಕು. ಇಲ್ಲಿ ಪಾಲಿಬಿಯಸನು ಒಂದು ಸಣ್ಣ ಸಂಗತಿಯನ್ನು ಸೇರಿಸುತ್ತಾನೆ: ಅದೇ ಸಮಯದಲ್ಲಿ ಮೂತಿಯ ಬಳಿ ನಿಂತ ಬೇರೆ ಕೆಲವರು ಊರುಗೋಲುಗಳಿಂದ ಏಣಿಯನ್ನು ಕೆಳಗಿನಿಂದ ನೂಕಿ ಆನಿಸುತ್ತಿದ್ದರಂತೆ. ಅಷ್ಟು ಮಂದಿ ಹಗ್ಗವೆಳೆಯುತ್ತಿರುವಾಗ ಈ ನೂಕುವವರು ಏತಕ್ಕೆ?

ಅದಕ್ಕೆ ಕಾರಣ ರೇಖಾಗಣಿತದಲ್ಲಿದೆ, ಮತ್ತು ಅದನ್ನು ತಿಳಿಯದೆ ಮುಂದಿನ ಎರಡು ಸಾವಿರ ವರ್ಷಗಳ ಕಥೆ ಅರ್ಥವಾಗುವಂತಿಲ್ಲ. ಬುಡದಲ್ಲಿ ಕೀಲಿರುವ ತೊಲೆಯೊಂದು ನೆಲಕ್ಕೆ ಸಮವಾಗಿ ಚಾಚಿಕೊಂಡಿದೆ, ಅದರ ತುದಿಯಲ್ಲಿ ಒಂದು ಭಾರವಿದೆ ಎಂದು ಭಾವಿಸೋಣ. ತುದಿಯಿಂದ ಹಿಂದಕ್ಕೆ ಹೋಗುವ ಹಗ್ಗವು ತೊಲೆಯೊಡನೆ 30 ಅಂಶಗಳ ಕೋನ ಮಾಡಿದ್ದರೆ, ಭಾರವನ್ನು ತಡೆಯಲು ಹಗ್ಗವು ಅದರ ಎರಡರಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಕೋನ 10 ಅಂಶಕ್ಕೆ ಇಳಿದರೆ ಬೇಕಾದ ಎಳೆತ ಆರರಷ್ಟಕ್ಕೆ ಸಮೀಪಿಸುತ್ತದೆ. ಹಗ್ಗವು ತೊಲೆಗೆ ಅಂಟಿಕೊಂಡೇ ಇದ್ದರಂತೂ ಎಷ್ಟು ಎಳೆದರೂ ತೊಲೆ ಏಳದೆ ತನ್ನ ಬುಡದ ಕೀಲನ್ನೇ ಒತ್ತುತ್ತದೆ. ಹೀಗಾಗಿ ಮಲಗಿದ ತೋಳಿಗೆ ಎಲ್ಲಕ್ಕಿಂತ ಕಷ್ಟವಾದುದು ಮೊದಲ ಗೇಣು. ಹಗ್ಗಕ್ಕೆ ಎಳೆಯಲು ಮಾತ್ರ ಬರುತ್ತದೆ, ನೂಕಲು ಬಾರದು. ಆದುದರಿಂದ ಆ ಮೊದಲ ಗೇಣನ್ನು ಮನುಷ್ಯನ ಹೆಗಲೋ, ಊರುಗೋಲೋ, ಹಗ್ಗವನ್ನು ಎತ್ತರಿಸಿಕೊಡುವ ಇನ್ನೊಂದು ಕಂಬವೋ ದಾಟಿಸಬೇಕು. ಮಾರ್ಸೆಲ್ಲಸನ ಹಡಗಿನ ಮೂತಿಯಲ್ಲಿ ನಿಂತವರು ಮಾಡುತ್ತಿದ್ದುದು ಇದನ್ನೇ.

ಸುಮಾರು ಎರಡು ಶತಮಾನಗಳ ಬಳಿಕ ವಿಟ್ರೂವಿಯಸನು ವಾಸ್ತುಶಾಸ್ತ್ರವನ್ನು ಕುರಿತು ಬರೆದ ಹತ್ತು ಭಾಗಗಳ ಗ್ರಂಥದ ಕಡೆಯ ಭಾಗದಲ್ಲಿ ಎತ್ತುಯಂತ್ರಗಳ ಪ್ರಸ್ತಾಪವಿದೆ. ಎರಡು ತೊಲೆಗಳನ್ನು ತಲೆಯಲ್ಲಿ ಕೂಡಿಸಿ ಬುಡದಲ್ಲಿ ಅಗಲಿಸಿ, ಹಗ್ಗಗಳಿಂದ ಬಿಗಿದು ನಿಲ್ಲಿಸಿ, ಮೂರು ಅಥವಾ ಐದು ರಾಟೆಗಳ ಮೂಲಕ ಭಾರವೆತ್ತುವ ಕ್ರಮವನ್ನು ಹೇಳಿದ ಮೇಲೆ, ಯಂತ್ರವನ್ನು ನಿಲ್ಲಿಸುವ ವಿಧಾನವನ್ನೂ ಅವನು ಮರೆಯುವುದಿಲ್ಲ. ನೆಲದ ಮೇಲೆ ಮಲಗಿಸಿದ ಯಂತ್ರದ ತಲೆಯಿಂದ ದೂರದ ಗೂಟಗಳಿಗೆ ರಾಟೆಯ ಹಗ್ಗವನ್ನು ಹಾಯಿಸಿ, ಅದರ ಕೊನೆಯನ್ನು ಅದೇ ಯಂತ್ರದ ಬುಡದಲ್ಲಿರುವ ತಿರುಗಣೆಗೆ ಸುತ್ತಿ ಸನ್ನೆಕೋಲಿನಿಂದ ತಿರುಗಿಸಿದರೆ, ಯಂತ್ರವು ಅಪಾಯವಿಲ್ಲದೆ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ ಎಂಬುದು ಅವನ ವಿವರಣೆಯ ಸಾರ. ಭಾರವೆತ್ತಬೇಕಾದ ತಿರುಗಣೆಗೆ ಮೊದಲು ತನ್ನ ಒಡೆಯನನ್ನೇ ಎತ್ತುವ ಕೆಲಸ! ಈ ಉಪಾಯದ ಸೊಗಸಿಗೆ ಸಮನಾದುದನ್ನು ಆಮೇಲಿನ ಬಹುಕಾಲ ಯಾರೂ ಮಾಡಿದಂತೆ ತೋರುವುದಿಲ್ಲ.

ಮಧ್ಯಯುಗದ ಯೂರೋಪಿನ ಊರುಗಳು ಬೇರೆ ದಾರಿ ಹಿಡಿದುವು. ಅಲ್ಲಿ ಕ್ರೇನು ಸ್ಥಾವರವಾಯಿತು. ಪೋಲೆಂಡಿನ ಗ್ಡಾನ್ಸ್ಕ್ ನಗರದಲ್ಲಿ ನದಿಯ ದಡಕ್ಕೆ 15ನೆಯ ಶತಮಾನದಲ್ಲಿ ಕಟ್ಟಿದ ಕ್ರೇನು ಊರ ಹೆಬ್ಬಾಗಿಲೂ ಹೌದು. ಎರಡು ಇಟ್ಟಿಗೆಯ ಬುರುಜುಗಳ ನಡುವೆ ಮರದ ಮನೆ, ಅದರೊಳಗೆ ಮನುಷ್ಯರು ಒಳಹೊಕ್ಕು ನಡೆದು ತಿರುಗಿಸುವ ದೊಡ್ಡ ಗಾಲಿಗಳು. ಹಡಗಿಗೆ ಕೂವೆಕಂಬವನ್ನು ನೆಡುವುದೂ ಸರಕನ್ನು ಇಳಿಸುವುದೂ ಅದರ ಕೆಲಸ. ಮನೆಯನ್ನು ಮಡಚುವುದುಂಟೆ? ಭಾರವೇ ಅದರ ಬಳಿಗೆ ಬರಬೇಕು. ಜರ್ಮನಿಯ ಕಲೋನ್ ನಗರದ ಮಹಾದೇವಾಲಯದಲ್ಲಿ ನಡೆದುದು ಇನ್ನೂ ವಿಚಿತ್ರ. 16ನೆಯ ಶತಮಾನದಲ್ಲಿ ಕಟ್ಟಡದ ಕೆಲಸ ನಿಂತುಹೋದಾಗ ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ನೆತ್ತಿಯ ಮೇಲೆ ಮರದ ಕ್ರೇನೊಂದು ಉಳಿದುಬಿಟ್ಟಿತು. 1842ರಲ್ಲಿ ಕೆಲಸ ಪುನಃ ಆರಂಭವಾಗಿ, 1868ರಲ್ಲಿ ಅದನ್ನು ಕಳಚುವವರೆಗೂ ಆ ಯಂತ್ರವು ಶತಮಾನಗಟ್ಟಲೆ ಊರಿನ ಗುರುತಾಗಿ ನಿಂತಿತ್ತು. ಹಳೆಯ ಚಿತ್ರಗಳಲ್ಲಿ ಕಲೋನನ್ನು ಗುರುತಿಸುವುದು ಈ ಕ್ರೇನಿನಿಂದಲೇ. ದೇವಾಲಯ ಪೂರ್ಣವಾದುದು 1880ರಲ್ಲಿ. ಎತ್ತುವ ಕೆಲಸವಿಲ್ಲದೆ ಅಷ್ಟು ದೀರ್ಘಕಾಲ ನಿಂತೇ ಇದ್ದ ಯಂತ್ರ ಇನ್ನೊಂದಿರಲಾರದು.

ಜಂಗಮವಾದ ಕ್ರೇನನ್ನು ಬದುಕಿಸಿಕೊಂಡವರು ನಾವಿಕರು. ಹಡಗಿನ ಮೇಲೆ ನಿಂತ ತೋಳು ಬಿರುಗಾಳಿಗೆ ಸಿಕ್ಕಿದರೆ ಹಡಗನ್ನೇ ಉರುಳಿಸಬಲ್ಲುದಾದುದರಿಂದ ಮಲಗಿಸುವ ಪ್ರಶ್ನೆಯನ್ನು ಅವರು ಮುಂದೂಡುವಂತಿರಲಿಲ್ಲ. ಅವರ ಮೊದಲ ಉಪಾಯವೆಂದರೆ ಕ್ರೇನೇ ಇಲ್ಲದಂತೆ ಮಾಡುವುದು. ಮುರಿದ ಕಂಬದ ಸ್ಥಾನದಲ್ಲಿ ಹೊಸದನ್ನು ನೆಡಬೇಕಾದಾಗ ಹಡಗಿನಲ್ಲಿದ್ದ ಬಿಡಿ ತೊಲೆಗಳೆರಡನ್ನು ತಲೆಯಲ್ಲಿ ಬಿಗಿದು ಕಟ್ಟಿ, ಬುಡಗಳನ್ನು ಎರಡು ಪಕ್ಕಕ್ಕೆ ಊರಿ, ಹಗ್ಗದಿಂದ ಎಬ್ಬಿಸಿ ಕತ್ತರಿಗಾಲಿನ ಎತ್ತುಯಂತ್ರವನ್ನು ಮಾಡಿಕೊಳ್ಳುತ್ತಿದ್ದರು. ಕೆಲಸ ತೀರಿದೊಡನೆ, ಮದುವೆಯ ಚಪ್ಪರದ ಗಳುಗಳಂತೆ, ಆ ತೊಲೆಗಳು ಬಿಚ್ಚಿಕೊಂಡು ತಮ್ಮ ಹಿಂದಿನ ಸಂಸಾರಕ್ಕೆ ಮರಳುತ್ತಿದ್ದುವು. ಆಮೇಲಿನ ಸರಕುಹಡಗುಗಳಲ್ಲಿ ಕಂಬದ ಬುಡಕ್ಕೆ ಕೀಲಿನಿಂದ ಸೇರಿಸಿದ ಡೆರಿಕ್ ತೋಳುಗಳು ಖಾಯಮ್ಮಾಗಿ ಬಂದುವು. ಬಂದರಿನಲ್ಲಿ ಅವು ಎದ್ದು ನಿಂತು ಸರಕನ್ನು ಇಳಿಸುತ್ತವೆ. ಹಡಗು ಹೊರಡುವ ಮುನ್ನ ಒಂದೊಂದನ್ನೂ ಇಳಿಸಿ, ಅದಕ್ಕಾಗಿಯೇ ಮಾಡಿದ ಕವಲಿನ ಆಸರೆಯಲ್ಲಿ ಮಲಗಿಸಿ, ಬಿಗಿದು ಕಟ್ಟುವುದು ದೂರಪ್ರಯಾಣದ ವಾಡಿಕೆ. ಕಂಬವು ಮೊದಲೇ ಎತ್ತರವಾಗಿ ನಿಂತಿರುವುದರಿಂದ ಎಳೆಯುವ ಹಗ್ಗಕ್ಕೆ ಬೇಕಾದ ಕೋನ ಪುಕ್ಕಟೆಯಾಗಿ ದೊರೆಯುತ್ತದೆ, ಮೊದಲ ಗೇಣಿನ ಕಷ್ಟ ಕಡಮೆಯಾಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ವಿದ್ಯೆಯು ಕೇರಳದ ಬೇಪೂರಿನ ಖಲಾಸಿಗಳಲ್ಲಿ ಉಳಿದು ಬಂದಿದೆ. ಉರು ಎಂದು ಕರೆಯುವ ಮರದ ಮಹಾನೌಕೆಗಳನ್ನು ನೀರಿಗಿಳಿಸುವ ಈ ಜನರ ಬಂಡವಾಳವೆಲ್ಲ ಹಗ್ಗ, ರಾಟೆ, ಕೈಯಿಂದ ತಿರುಗಿಸುವ ತಿರುಗಣೆ, ಕೆಲವು ದಿಮ್ಮಿಗಳು. ಇವುಗಳೊಡನೆ ಎಲ್ಲರ ಎಳೆತವನ್ನೂ ಒಂದೇ ಕ್ಷಣಕ್ಕೆ ಕೂಡಿಸುವ ಹಾಡು. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ ರೈಲು ಕೊಲ್ಲಂ ಸಮೀಪದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಉರುಳಿ ನೂರಕ್ಕೂ ಮಿಕ್ಕಿ ಜನ ಮೃತರಾದಾಗ, ಮುಳುಗಿದ ಡಬ್ಬಿಗಳನ್ನು ಮೇಲೆತ್ತುವ ಕಾರ್ಯಕ್ಕೆ ಈ ಖಲಾಸಿಗಳನ್ನು ಕರೆಸಿದ್ದರು. ಬಿಚ್ಚಿ ಹೊತ್ತೊಯ್ಯಬಹುದಾದ ಯಂತ್ರಕ್ಕೆ ರಸ್ತೆಯೂ ಬೇಕಿಲ್ಲ, ಗಟ್ಟಿ ನೆಲವೂ ಬೇಕಿಲ್ಲ.

ಹಗ್ಗದ ಯುಗ ಮುಗಿಯದೆ ನಿಜವಾಗಿ ಮಡಚುವ ತೋಳು ಹುಟ್ಟುವಂತಿರಲಿಲ್ಲ. ದ್ರವದ ಒತ್ತಡದಿಂದ ಬಲವನ್ನು ಹಲವು ಪಟ್ಟು ಹೆಚ್ಚಿಸಬಹುದೆಂಬುದನ್ನು 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ತನ್ನ ಒತ್ತುಯಂತ್ರದ ಪೇಟೆಂಟಿನಲ್ಲಿ ಕಾರ್ಯರೂಪಕ್ಕೆ ತಂದನು. ವಿಲಿಯಂ ಆರ್ಮ್‌ಸ್ಟ್ರಾಂಗನು 1846ರಲ್ಲಿ ನ್ಯೂಕ್ಯಾಸಲ್ಲಿನ ನದೀದಡದಲ್ಲಿ ನೀರಿನ ಒತ್ತಡದಿಂದ ನಡೆಯುವ ಕ್ರೇನನ್ನು ನಿಲ್ಲಿಸಿದನು. ಆದರೆ ಆರ್ಮ್‌ಸ್ಟ್ರಾಂಗನ ಯಂತ್ರದಲ್ಲಿ ನೀರು ಮಾಡಿದ್ದು ಸರಪಣಿಯನ್ನು ಎಳೆಯುವ ಹಳೆಯ ಕೆಲಸವನ್ನೇ. ಅದಕ್ಕೆ ಬೇಕಾದ ಒತ್ತಡಕ್ಕಾಗಿ ಗ್ರಿಮ್ಸ್‌ಬಿ ಬಂದರಿನಲ್ಲಿ 300 ಅಡಿಗೂ ಎತ್ತರದ ನೀರಿನ ಗೋಪುರವನ್ನು ಕಟ್ಟಬೇಕಾಯಿತೆಂದರೆ, ಇಂಥ ಯಂತ್ರವು ಗಾಡಿಯೇರಿ ಹೊರಡುವ ಮಾತು ಆಗ ಕನಸಿನದೇ.

ಆ ಕನಸು ನನಸಾದುದು ಸ್ವೀಡನ್ನಿನ ಅರಣ್ಯಪ್ರಾಂತದಲ್ಲಿ. ಹುಡಿಕ್ಸ್‌ವಾಲ್ ಎಂಬ ಊರಿನಲ್ಲಿ ಹಿಮಜಾರುಹಲಗೆಗಳನ್ನು ತಯಾರಿಸುತ್ತಿದ್ದ ಎರಿಕ್ ಸುಂಡೀನ್ ಎಂಬಾತನು, ಲಾರಿಯ ಎಂಜಿನ್ನಿನಲ್ಲಿ ಇರುವ ಶಕ್ತಿಯು ಲಾರಿ ನಿಂತಾಗ ಸುಮ್ಮನೆ ವ್ಯರ್ಥವಾಗುತ್ತಿರುವುದನ್ನು ಲಕ್ಷಿಸಿ, ಅದೇ ಎಂಜಿನ್ನಿನಿಂದ ಎಣ್ಣೆಯ ಪಂಪನ್ನು ನಡೆಸಿ ಲಾರಿಯ ಮೇಲೆಯೇ ಕೂತ ತೋಳನ್ನು ಆಡಿಸುವ ಯೋಚನೆ ಮಾಡಿದನು. 1944ರಲ್ಲಿ ಅವನು ಸ್ಥಾಪಿಸಿದ ಕಂಪನಿಯ ಸಂಕ್ಷಿಪ್ತ ನಾಮವಾದ ಹಿಯಾಬ್ ಎಂಬುದು ಇಂದು ಅನೇಕ ದೇಶಗಳಲ್ಲಿ ಆ ಬಗೆಯ ಕ್ರೇನಿಗೇ ಹೆಸರಾಗಿದೆ. ಲಾರಿಯ ಮೇಲಿನ ಅವನ ಮೊದಲ ಹೈಡ್ರಾಲಿಕ್ ಕ್ರೇನು ಹೊರಬಂದುದು 1947ರಲ್ಲಿ.

ಈ ಬಗೆಯ ತೋಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಾರಿಯ ಚಾಲಕನ ಕೋಣೆಗೂ ಸರಕಿನ ತೊಟ್ಟಿಗೂ ನಡುವೆ ಒಂದು ಗಿಡ್ಡ ಕಂಬ. ಅದರ ತಲೆಗೆ ಒಳತೋಳು. ಒಳತೋಳಿನ ಕೊನೆಗೆ ಮೊಳಕೈಯಂಥ ಕೀಲಿನಿಂದ ಸೇರಿದ ಹೊರತೋಳು. ಹೊರತೋಳಿನೊಳಗೆ ಒಂದರೊಳಗೊಂದು ಜಾರಿಕೊಳ್ಳುವ ಚೌಕದ ಕೊಳವೆಗಳು. ಒಂದೊಂದು ಕೀಲಿನ ಮಗ್ಗುಲಲ್ಲಿಯೂ ಒಂದು ಸಿಲಿಂಡರು. ಎಣ್ಣೆಯು ಅದರ ಒಂದು ಬದಿಯಿಂದ ಹೊಕ್ಕರೆ ಪಿಸ್ಟನ್ನು ನೂಕುತ್ತದೆ, ಇನ್ನೊಂದು ಬದಿಯಿಂದ ಹೊಕ್ಕರೆ ಎಳೆಯುತ್ತದೆ. ಹಗ್ಗಕ್ಕೆ ಬಾರದ ಈ ಒಂದು ವಿದ್ಯೆಯಿಂದಲೇ ತೋಳು ಹಗ್ಗದ ಕ್ರೇನಿನಂತೆ ಬರಿದೇ ಕೆಳಗೆ ಬೀಳದೆ, ತನ್ನ ಮೇಲೆ ತಾನೇ ಹಿಂದಿರುಗಿ ಮಡಚಿಕೊಳ್ಳಲು ಸಾಧ್ಯವಾಯಿತು. ಮಾರ್ಸೆಲ್ಲಸನ ಊರುಗೋಲಿನವರ ಕೆಲಸವನ್ನೂ ಹಗ್ಗದವರ ಕೆಲಸವನ್ನೂ ಒಂದೇ ಕೊಳವೆ ವಹಿಸಿಕೊಂಡಿತು. ಮಡಚಿದ ತೋಳು ಲಾರಿಯ ಅಗಲದ, ಎಂದರೆ ಸುಮಾರು ಎರಡೂವರೆ ಮೀಟರಿನ ಒಳಗೆ ಅಡಗಬೇಕೆಂಬ ರಸ್ತೆಯ ಕಟ್ಟಳೆಯೇ ಅದರ ಆಕಾರವನ್ನು ನಿರ್ಣಯಿಸಿದ ನಿಜವಾದ ಶಿಲ್ಪಿ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದೊಂದು ಕೀಲೂ ಹೆಚ್ಚಿನ ತೂಕ; ಒಂದೊಂದು ಕೀಲಿನ ಗೂಟವೂ ಸವೆಯುವ, ಗ್ರೀಸು ಬೇಡುವ ಜಾಗ; ಆ ತೂಕವನ್ನೆಲ್ಲ ಲಾರಿಯು ಖಾಲಿಯಿದ್ದಾಗಲೂ ಹೊತ್ತು ತಿರುಗಬೇಕು.

ಕಟ್ಟಡದ ಕ್ಷೇತ್ರದಲ್ಲಿಯೂ ಅದೇ ದಶಕದಲ್ಲಿ ಬದಲಾವಣೆಯಾಯಿತು. ಯುದ್ಧದಿಂದ ನೆಲಸಮವಾದ ಜರ್ಮನಿಯಲ್ಲಿ ಮನೆಗಳನ್ನು ಬೇಗ ಕಟ್ಟಬೇಕಾಗಿದ್ದಾಗ, ಸ್ವತಃ ಕಟ್ಟಡದ ಕಸುಬಿನವನಾಗಿದ್ದ ಹಾನ್ಸ್ ಲೀಬ್‌ಹೆರ್ 1949ರಲ್ಲಿ ಸುಲಭವಾಗಿ ಸಾಗಿಸಿ ನಿಲ್ಲಿಸಬಹುದಾದ ಗೋಪುರದ ಕ್ರೇನನ್ನು ನಿರ್ಮಿಸಿದನು. ಟಿಕೆ 10 ಎಂಬುದು ಅದರ ಹೆಸರು. ಚಕ್ರಗಳ ಮೇಲೆ ಮಲಗಿಕೊಂಡು ಬಂದು, ಕಟ್ಟಡದ ಬಳಿ ಎದ್ದು ನಿಂತು, ಕೆಲಸ ಮುಗಿದ ಮೇಲೆ ಮತ್ತೆ ಮಲಗಿ ಮುಂದಿನ ಊರಿಗೆ ಹೊರಡುವ ಇಂದಿನ ಗೋಪುರಕ್ರೇನುಗಳು ಈ ಪರಂಪರೆಗೆ ಸೇರಿದವು. ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ಯಂತ್ರವನ್ನು ವರ್ಣಿಸಿದ ವಿಟ್ರೂವಿಯಸನು ಇವುಗಳನ್ನು ಕಂಡಿದ್ದರೆ ಹೆಚ್ಚಿನ ಆಶ್ಚರ್ಯವನ್ನೇನೂ ಪಡುತ್ತಿರಲಿಲ್ಲ.

ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಕಾರಿನ ಎಂಜಿನ್ನನ್ನು ಎತ್ತಲು ಇಡುವ ಸಣ್ಣ ಕ್ರೇನೂ ಇದೇ ವಂಶದ ಕುಡಿ. ಕೈಯಿಂದ ಒತ್ತುವ ಜ್ಯಾಕು, ಒಂದು ತೋಳು, ಮುಂದಕ್ಕೆ ಚಾಚಿದ ಎರಡು ಕಾಲು. ಕೆಲಸವಾದ ಮೇಲೆ ಪಿನ್ನು ಕಿತ್ತು ಕಾಲುಗಳನ್ನು ಮೇಲಕ್ಕೆ ಮಡಚಿ ಗೋಡೆಗೆ ಒರಗಿಸಿದರೆ ಅಂಗಡಿಯಲ್ಲಿ ಇನ್ನೊಂದು ಗಾಡಿಗೆ ಸ್ಥಳ. ಮಡಚಿದ ಕಾಲನ್ನು ಮತ್ತೆ ಬಿಚ್ಚಿದಾಗ ಪಿನ್ನನ್ನು ಪೂರ್ತಿ ತೂರಿಸದೆ ಅವಸರದಿಂದ ಭಾರವೆತ್ತುವುದೇ ಅದರಲ್ಲಿ ಆಗುವ ಅನಾಹುತಕ್ಕೆ ಮೂಲ.

ದೊಡ್ಡ ಯಂತ್ರಗಳಲ್ಲಿ ಅನಾಹುತವು ಮಡಚದೆ ಹೊರಡುವುದರಿಂದ ಆಗುತ್ತದೆ. ಸರಕಿಳಿಸಿದ ಆತುರದಲ್ಲಿ ತೋಳನ್ನು ಅರ್ಧ ಎತ್ತಿಕೊಂಡೇ ಲಾರಿಯನ್ನು ಹೊರಡಿಸಿ, ಸೇತುವೆಯ ತಳಕ್ಕೋ ವಿದ್ಯುತ್ ತಂತಿಗೋ ತಗುಲಿಸುವ ಪ್ರಸಂಗಗಳು ಎಲ್ಲ ದೇಶಗಳಲ್ಲಿಯೂ ನಡೆಯುತ್ತಿರುವುದರಿಂದ, ತೋಳು ತನ್ನ ತೊಟ್ಟಿಲಲ್ಲಿ ಸರಿಯಾಗಿ ಮಲಗುವವರೆಗೆ ಚಾಲಕನ ಮುಂದೆ ಕೆಂಪು ದೀಪ ಉರಿಯುವಂತೆ ಈಚಿನ ಯಂತ್ರಗಳಲ್ಲಿ ಏರ್ಪಾಡಿರುತ್ತದೆ. ಮಡಚುವ ಕ್ರಮವನ್ನೂ ಕಲಿಸುತ್ತಾರೆ: ಮೊದಲು ಜಾರುವ ಕೊಳವೆಗಳು ಒಳಕ್ಕೆ, ಆಮೇಲೆ ತೋಳುಗಳನ್ನು ಮಡಚಿ ತೊಟ್ಟಿಲಲ್ಲಿ ಕೂರಿಸುವುದು, ಪಕ್ಕದ ಆಧಾರಕಾಲುಗಳನ್ನು ಎಲ್ಲಕ್ಕಿಂತ ಕೊನೆಗೆ ಎತ್ತುವುದು. ತೋಳು ಇನ್ನೂ ಹೊರಕ್ಕೆ ಚಾಚಿರುವಾಗಲೇ ಕಾಲನ್ನು ಎತ್ತಿದವನ ಲಾರಿಯು ತೋಳಿರುವ ಕಡೆಗೇ ವಾಲುತ್ತದೆ.