ನಿಸರ್ಗಧರ್ಮವೂ ವಲ್ಲಾಡೋಲಿಡ್ಡಿನ ವಾದವೂ

ಶಾಸ್ತ್ರವನ್ನೋದದ, ರಾಜಾಜ್ಞೆಯನ್ನರಿಯದ ಮನುಷ್ಯನಿಗೂ ಒಳಿತು ಕೆಡುಕುಗಳ ತಿಳಿವು ಉಂಟಷ್ಟೆ. ಈ ತಿಳಿವಿಗೆ ಮನುಷ್ಯಸ್ವಭಾವವೇ ಮೂಲ, ವಿವೇಕವೇ ಸಾಧನ ಎನ್ನುವ ಮತವನ್ನು ಪಾಶ್ಚಾತ್ಯರು ನಿಸರ್ಗಧರ್ಮ ಸಿದ್ಧಾಂತವೆಂದು ಕರೆದರು. ರೋಮಿನ ಸಿಸೆರೋ ಇದನ್ನು ಸಾರಿದನು. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಇದಕ್ಕೆ ಶಾಸ್ತ್ರದ ಕಟ್ಟನ್ನು ಒದಗಿಸಿದನು. ಸಿದ್ಧಾಂತವೇನೋ ಉದಾತ್ತವಾದುದೇ. ಆದರೆ ಅದನ್ನು ಒರೆಗೆ ಹಚ್ಚಿದ್ದು ಅಮೆರಿಕದ ಚಿನ್ನದ ಗಣಿಗಳು.

1492ರ ತರುವಾಯ ಸ್ಪೇನಿನವರು ಅಲ್ಲಿಯ ದ್ವೀಪಗಳ ಮೂಲನಿವಾಸಿಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡು ದುಡಿಸತೊಡಗಿದರು. 1511ರ ಡಿಸೆಂಬರಿನಲ್ಲಿ ಆಂಟೋನಿಯೊ ಮಾಂಟೆಸಿನೋಸ್ ಎಂಬ ಸನ್ಯಾಸಿ ಸ್ಯಾಂಟೊ ಡೊಮಿಂಗೊದ ಇಗರ್ಜಿಯಲ್ಲಿ ಒಡೆಯರೆದುರಿಗೇ, ಈ ಜನ ಮನುಷ್ಯರಲ್ಲವೇ ಎಂದು ಕೇಳಿದನು. ಒಡೆಯರು ಕೆರಳಿದರು, ಮುಂದಿನ ಭಾನುವಾರ ಆತನು ಅದನ್ನೇ ಮತ್ತೆ ನುಡಿದನು. ಸ್ವತಃ ಇಂತಹ ಒಡೆಯನಾಗಿದ್ದ ಪಾದ್ರಿ ಲಾಸ್ ಕಸಾಸನು 1514ರಲ್ಲಿ ತನ್ನ ಪಾಲಿನ ಆಳುಗಳನ್ನು ಬಿಟ್ಟುಕೊಟ್ಟು, ಮುಂದಿನ ಆಯುಷ್ಯವನ್ನೆಲ್ಲ ಅವರ ಪಕ್ಷದ ವಾದಕ್ಕೇ ಮುಡಿಪಿಟ್ಟನು.

1550ರಲ್ಲಿ ಐದನೆಯ ಚಾರ್ಲ್ಸ್ ದೊರೆಯು ಸ್ಪೇನಿನ ವಲ್ಲಾಡೋಲಿಡ್ ನಗರದಲ್ಲಿ ವಿದ್ವತ್ಸಭೆಯೊಂದನ್ನು ಕರೆದನು. ದಂಡೆತ್ತಿ ಈ ಜನರನ್ನು ಅಡಗಿಸುವುದು ನ್ಯಾಯವೇ ಎಂಬುದು ಪ್ರಶ್ನೆ. ಅರಿಸ್ಟಾಟಲನ ರಾಜನೀತಿ ಗ್ರಂಥವನ್ನು ಲ್ಯಾಟಿನ್ನಿಗೆ ಪರಿವರ್ತಿಸಿದ್ದ ಸೆಪುಲ್ವೇದನು, ಕೆಲವರು ಸ್ವಭಾವತಃ ದಾಸರೆಂಬ ಆ ದಾರ್ಶನಿಕನ ಮಾತನ್ನು ಹಿಡಿದನು. ನರಬಲಿ ನಿಸರ್ಗಧರ್ಮಕ್ಕೆ ವಿರುದ್ಧವಾದುದರಿಂದ ಯುದ್ಧ ನ್ಯಾಯವೇ ಎಂದನು. ಲಾಸ್ ಕಸಾಸನು ಐದು ದಿನ ತನ್ನ ಉತ್ತರವನ್ನು ಓದಿದನು. ಆತನೂ ನಿಸರ್ಗಧರ್ಮವನ್ನೇ ಆಶ್ರಯಿಸಿದನೆಂಬುದು ಗಮನಾರ್ಹ.

ನಮ್ಮ ಪಾಠಶಾಲೆಗಳಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಇಲ್ಲಿಯ ಮರ್ಮ ಬೇಗನೆ ಹೊಳೆದೀತು. ಸ್ವಭಾವದಾಸರು ಎಲ್ಲಿಯಾದರೂ ಇರಬಹುದೆಂಬುದನ್ನು ಆತನು ನೇರವಾಗಿ ಅಲ್ಲಗಳೆಯಲಿಲ್ಲ. ಊರು ಕಟ್ಟಿ, ಅರಸರನ್ನೂ ಕಟ್ಟಳೆಗಳನ್ನೂ ಹೊಂದಿ, ಕುಶಲಕಲೆಗಳಲ್ಲಿ ನುರಿತ ಈ ಜನರಲ್ಲಿ ಅವಿವೇಕವೆಂಬ ಹೇತುವೇ ಇಲ್ಲವೆಂದನು. ಇದು ಸ್ವರೂಪಾಸಿದ್ಧಿಯೆಂಬ ಹೇತ್ವಾಭಾಸವಲ್ಲದೆ ಮತ್ತೇನು? ವಿಶ್ವವಿದ್ಯಾನಿಲಯದಲ್ಲಿ ಅಕ್ವಿನಾಸನನ್ನು ಓದುವಾಗ ನಮಗೆ ಸೂತ್ರಗಳನ್ನಷ್ಟೇ ಕಲಿಸಿದರು. ಎದುರಿಗಿರುವವನನ್ನು ಕಣ್ಣಿಟ್ಟು ನೋಡದಿದ್ದರೆ ಸೂತ್ರ ಯಾವ ಕಡೆಗಾದರೂ ವಾಲೀತೆಂಬುದು ಈ ಇತಿಹಾಸದಿಂದಲೇ ತಿಳಿಯಿತು.

1551ರಲ್ಲಿ ಸಭೆ ಮತ್ತೆ ಕೂಡಿತಾದರೂ ಒಮ್ಮತದ ತೀರ್ಪು ಹೊರಡಲಿಲ್ಲ. 1573ರ ರಾಜಶಾಸನವು ದಿಗ್ವಿಜಯವೆಂಬ ಪದವನ್ನು ಕೈಬಿಟ್ಟು ಶಾಂತಿಸ್ಥಾಪನೆಯೆಂಬ ಪದವನ್ನಿಟ್ಟಿತು. ಪದ ಬದಲಾಯಿತೆನ್ನಬೇಕು, ಅಷ್ಟೆ.

ಲಾಸ್ ಕಸಾಸನ ಕಣ್ಣೂ ಒಮ್ಮೆ ತಪ್ಪಿತ್ತು. ಮೂಲನಿವಾಸಿಗಳ ದುಡಿಮೆ ತಗ್ಗಲೆಂದು ಆಫ್ರಿಕದ ದಾಸರನ್ನು ತರಿಸಬಹುದೆಂದು ಆತನೇ ಮೊದಲು ಸಲಹೆಯಿತ್ತಿದ್ದನು. ಅವರನ್ನೂ ಅನ್ಯಾಯದಿಂದಲೇ ಸೆರೆಹಿಡಿಯಲಾಗಿತ್ತೆಂದು ತಿಳಿದ ಮೇಲೆ ಮರುಗಿ, ತನ್ನ ಅಜ್ಞಾನವು ದೇವರ ಮುಂದೆ ಕ್ಷಮೆಗೆ ಅರ್ಹವಾದೀತೋ ಇಲ್ಲವೋ ತಾನರಿಯೆನೆಂದು ತನ್ನ ಇತಿಹಾಸಗ್ರಂಥದಲ್ಲಿ ಬರೆದಿಟ್ಟನು. ಆತನು ತೀರಿಕೊಂಡದ್ದು 1566ರಲ್ಲಿ. ಆ ಗ್ರಂಥವು ಅಚ್ಚಾದದ್ದು 1875ರಲ್ಲಿ.